ಕಿವಿಯಿಂದ ಮಾತಿಗೆ: ಮಂಗಳೂರಿನ ಒಂದು ತರಬೇತಿ ಶಾಲೆಯಲ್ಲಿ ನಾಲ್ಕು ವರ್ಷ

ಶ್ರವಣದೋಷವಿರುವ ಮಕ್ಕಳಿಗೆ ಆಲಿಸುವುದನ್ನೂ ಮಾತನಾಡುವುದನ್ನೂ ಕಲಿಸುವ ಮಂಗಳೂರಿನ ಒಂದು ಸಣ್ಣ ಶಾಲೆಗೆ ನನ್ನ ಮಗಳು ನಾಲ್ಕು ವರ್ಷ ಹೋದಳು. ಆ ನಾಲ್ಕು ವರ್ಷವೂ ನಾನು ಅವಳ ಜೊತೆಗೆ ಅದೇ ಕೋಣೆಯಲ್ಲಿ ಕುಳಿತಿದ್ದೆ. ಕಳೆದ ಜೂನ್‌ನಲ್ಲಿ ಅವಳು ನಮ್ಮೂರಿನ ಕನ್ನಡ ಶಾಲೆಯ ಒಂದನೇ ತರಗತಿಗೆ ಸೇರಿದ ಮೇಲೆ, ಇಂಥದೇ ಶಾಲೆಯನ್ನು ಹುಡುಕುತ್ತಿರುವ ಹೆತ್ತವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಡಬೇಕು ಎನಿಸಿತು. ಮೆಚ್ಚುಗೆಯ ಜೊತೆಗೆ ಕೆಲವು ಆಕ್ಷೇಪಗಳೂ ಇರುವುದರಿಂದ ಶಾಲೆಯ ಹೆಸರನ್ನು ಬರೆಯುತ್ತಿಲ್ಲ.

ಮಗಳಿಗೆ ಕಿವಿ ಕೇಳಿಸುವುದಿಲ್ಲವೆಂದು ನಮಗೆ ಖಚಿತವಾದಾಗ ಅವಳಿಗೆ ಒಂದು ವರ್ಷ ಎಂಟು ತಿಂಗಳು. ಹುಟ್ಟಿದ ಆಸ್ಪತ್ರೆಯಲ್ಲಿ ಕಿವಿಯ ತಪಾಸಣೆ ಆಗಿರಲಿಲ್ಲ. ಅನುಮಾನ ಬಂದ ಮೇಲೂ ನಾವು ಆರು ತಿಂಗಳು ಕಳೆದುಬಿಟ್ಟೆವು, ಏಕೆಂದರೆ ಬಂಟ್ವಾಳದ ನಮ್ಮ ಮನೆಯ ಪಕ್ಕದ ಗದ್ದೆಯಲ್ಲಿ ಯಕ್ಷಗಾನದ ಆಟ ನಡೆದ ರಾತ್ರಿ ಅವಳು ಚೆಂಡೆಯ ಪೆಟ್ಟಿಗೆ ಬೆಚ್ಚಿ ನನ್ನನ್ನು ಅಪ್ಪಿಕೊಂಡಿದ್ದಳು. ಚೆಂಡೆ, ಗರ್ನಾಲುಗಳಂಥ ಭಾರೀ ಸದ್ದಿನ ಕಂಪನ ಮೈಗೇ ತಾಗುತ್ತದೆ, ಅದಕ್ಕೆ ಮಗು ತಿರುಗಿದ ಮಾತ್ರಕ್ಕೆ ಮಾತಿನ ಧ್ವನಿ ಅದಕ್ಕೆ ಕೇಳಿಸುತ್ತದೆಂದು ಅರ್ಥವಲ್ಲ ಎಂಬುದನ್ನು, ಸದ್ದಿಗೆ ಶ್ರವಣನರ ಮತ್ತು ಮಿದುಳು ಸ್ಪಂದಿಸುವುದನ್ನು ಅಳೆಯುವ ಬೇರಾ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಶ್ರವಣತಜ್ಞರು ವಿವರಿಸಿದರು. ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ರೋಗನಿರ್ಣಯ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಆರಂಭವಾಗಬೇಕೆಂಬುದು ತಜ್ಞರು ಒಪ್ಪಿರುವ ಕ್ರಮ. ನಾವು ಅದರಿಂದ ಬಹಳ ದೂರ ಉಳಿದಿದ್ದೆವು. ಒಳಕಿವಿಯಲ್ಲಿ ವಿದ್ಯುದ್ವಾರಗಳನ್ನಿಟ್ಟು ಸದ್ದನ್ನು ಶ್ರವಣನರಕ್ಕೆ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಾಗಿ, ಕೆಲವು ವಾರಗಳ ಬಳಿಕ ಸದ್ದನ್ನು ಹಿಡಿದು ಒಳಗೆ ಕಳುಹಿಸುವ ಹೊರಗಿನ ಪ್ರೊಸೆಸರನ್ನು ಮೊದಲ ಬಾರಿ ಚಾಲೂ ಮಾಡಿದ ದಿನದಿಂದ ಅವಳ ‘ಕೇಳುವ ವಯಸ್ಸನ್ನು’ ಲೆಕ್ಕ ಹಾಕಬೇಕು, ಎರಡೂವರೆ ವರ್ಷದ ಮಗು ಅಂದು ಕೇಳುವುದರಲ್ಲಿ ಹುಟ್ಟಿದ ಕೂಸು ಎಂದು ಶಾಲೆಯ ಟೀಚರ್ ಮೊದಲ ಭೇಟಿಯಲ್ಲೇ ಹೇಳಿದರು. ಆ ಒಂದು ಮಾತಿನಿಂದ ನನ್ನ ಆತುರ ಅರ್ಧ ಇಳಿಯಿತು.

ಶಾಲೆ ಎಂದರೆ ನಾಲ್ಕು ಕೋಣೆಗಳು ಮತ್ತು ಒಂದು ಜಗಲಿ. ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ, ಒಂದು ಮಗುವಿಗೆ ಒಬ್ಬರು ಟೀಚರ್. ಅದಾದ ಮೇಲೆ ನಾಲ್ಕೈದು ಮಕ್ಕಳನ್ನು ಸೇರಿಸಿ ಗುಂಪಿನ ಪಾಠ. ಮೊದಲ ದಿನ ನನ್ನ ಗಮನ ಸೆಳೆದದ್ದು ಕುರ್ಚಿಗಳನ್ನು ಇಟ್ಟ ರೀತಿ. ಟೀಚರ್ ಮಗುವಿನ ಎದುರಿಗೆ ಕೂರುವುದಿಲ್ಲ, ಪ್ರೊಸೆಸರ್ ಇರುವ ಕಿವಿಯ ಪಕ್ಕಕ್ಕೆ ಕೂರುತ್ತಾರೆ. ಮಗು ತುಟಿ ನೋಡಿ ಊಹಿಸುವ ಮೊದಲು ಕಿವಿಗೆ ಅವಕಾಶ ಸಿಗಲಿ ಎಂಬುದು ಉದ್ದೇಶ. ಮಗುವಿನ ಇನ್ನೊಂದು ಪಕ್ಕದ ಕುರ್ಚಿ ತಾಯಿಯದು. ಟೀಚರ್ ಐದು ನಿಮಿಷ ಮಾಡಿ ತೋರಿಸಿದ್ದನ್ನು ತಾಯಿ ಅಲ್ಲೇ ಮಾಡಬೇಕು, ತಪ್ಪಿದರೆ ತಿದ್ದಿಸಿಕೊಳ್ಳಬೇಕು, ಮುಂದಿನ ಪಾಠದ ದಿನ ಮನೆಯಲ್ಲಿ ಏನು ಮಾಡಿದೆವೆಂದು ಪುಸ್ತಕ ತೋರಿಸಬೇಕು. ವಾರಕ್ಕೆ ಎರಡು ಗಂಟೆಯ ಪಾಠದಿಂದ ಯಾವ ಮಗುವೂ ಮಾತು ಕಲಿಯುವುದಿಲ್ಲ, ಉಳಿದ ಎಚ್ಚರದ ಹೊತ್ತೆಲ್ಲ ಮನೆಯಲ್ಲೇ ಕಳೆಯುವುದರಿಂದ ತರಬೇತಿ ನಿಜವಾಗಿ ಬೇಕಿರುವುದು ಮನೆಯವರಿಗೆ ಎಂದು ಈ ಶಾಲೆ ನಂಬುತ್ತದೆ. ಅದು ನಂಬಿದಂತೆಯೇ ನಡೆಯುತ್ತದೆ.

ಈ ಕುರ್ಚಿಗಳ ಹಿಂದೆ ದೊಡ್ಡ ಇತಿಹಾಸವಿದೆ ಎಂಬುದು ಜಗಲಿಯಲ್ಲಿ ನಮ್ಮ ಸರದಿಗೆ ಕಾಯುತ್ತಾ ಓದತೊಡಗಿದಾಗ ನನಗೆ ತಿಳಿಯಿತು. ಕಿವುಡು ಮಕ್ಕಳಿಗೆ ಮಾತಿನ ಮೂಲಕವೇ ಕಲಿಸಬೇಕೆಂದು ಸಾಮ್ಯುಯೆಲ್ ಹೈನಿಕೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ 1778ರಲ್ಲಿ ಶಾಲೆ ತೆರೆದ ಕಾಲಕ್ಕೆ ಪ್ಯಾರಿಸ್‌ನಲ್ಲಿ ಪಾದ್ರಿ ಡಿ ಲೆಪೆ ಕೈಸನ್ನೆಗಳ ಮೂಲಕ ಕಲಿಸುತ್ತಿದ್ದರು. ಇಬ್ಬರೂ ಪತ್ರಗಳಲ್ಲಿ ವಾದಿಸಿದ್ದ ಪ್ರಶ್ನೆಯೇ ಇಂದಿಗೂ ಹೆತ್ತವರ ಮುಂದಿದೆ. ಅಮೆರಿಕದ ನಾರ್ತಾಂಪ್ಟನ್‌ನಲ್ಲಿ 1867ರಲ್ಲಿ ಆರಂಭವಾದ ಕ್ಲಾರ್ಕ್ ಶಾಲೆಯ ಹಿಂದೆ, ಜ್ವರದಿಂದ ಕಿವಿ ಕಳೆದುಕೊಂಡ ಮಗಳು ಮಾತನ್ನೂ ಕಳೆದುಕೊಳ್ಳಬಾರದೆಂದು ಹಟ ಹಿಡಿದ ಒಬ್ಬ ತಂದೆಯ ಪ್ರಯತ್ನವಿತ್ತು. ಆದರೆ ಆ ಕಾಲದ ಮಾತಿನ ಶಾಲೆಗಳಲ್ಲಿ ಕಿವಿಗೆ ಕೆಲಸವೇ ಇರಲಿಲ್ಲ. ಮಕ್ಕಳು ತುಟಿಯ ಚಲನೆಯನ್ನು ಕಣ್ಣಿನಿಂದ ಓದಬೇಕಿತ್ತು, ಟೀಚರ ಗಂಟಲ ಮೇಲೆ ಕೈಯಿಟ್ಟು ಕಂಪನ ತಿಳಿಯಬೇಕಿತ್ತು, ಕನ್ನಡಿಯ ಮುಂದೆ ಒಂದೊಂದೇ ಅಕ್ಷರವನ್ನು ವರ್ಷಗಟ್ಟಲೆ ಹೊರಡಿಸಬೇಕಿತ್ತು. ಟೀಚರ್ ಎದುರಿನಿಂದ ಎದ್ದು ಪಕ್ಕಕ್ಕೆ ಬಂದು ಕೂರಲು ಸಾಧ್ಯವಾದದ್ದು ಇಪ್ಪತ್ತನೇ ಶತಮಾನದಲ್ಲಿ ಶ್ರವಣ ಸಾಧನಗಳು ಬಂದ ಮೇಲೆ, ಬಳಿಕ 1978ರಲ್ಲಿ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ಅವರ ತಂಡ ಹಲವು ವಿದ್ಯುದ್ವಾರಗಳ ಇಂಪ್ಲಾಂಟನ್ನು ಅಳವಡಿಸಿದ ಮೇಲೆ.

ತಾಯಿಯ ಕುರ್ಚಿಯ ಕಥೆ ಇನ್ನೊಂದು. ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್ ಟ್ರೇಸಿ ಎಂಬ ತಾಯಿ ಕಿವಿ ಕೇಳಿಸದ ತನ್ನ ಮಗ ಜಾನ್‌ನ ಹೆಸರಿನಲ್ಲಿ 1942ರಲ್ಲಿ ತೆರೆದ ಕ್ಲಿನಿಕ್, ಹೆತ್ತವರಿಗೇ ಪಾಠ ಹೇಳಿತು. ದೂರದವರಿಗೆ ಅಂಚೆಯ ಮೂಲಕ ಪಾಠ ಕಳುಹಿಸಿತು. ನಮ್ಮ ದಕ್ಷಿಣದಲ್ಲಿ ಚೆನ್ನೈನ ಬಾಲವಿದ್ಯಾಲಯ 1969ರಿಂದ ಪುಟ್ಟ ಮಕ್ಕಳಿಗೆ ತಾಯಂದಿರ ಜೊತೆಗೇ ಕಲಿಸುತ್ತಾ ಬಂದಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಿಗೆಂದು ಬೇರೆ ಬೇರೆ ಊರುಗಳಿಂದ ಬಂದ ತಾಯಂದಿರು ಅಲ್ಲೇ ಬಾಡಿಗೆಗೆ ಕೋಣೆ ಹಿಡಿದು ಉಳಿಯುತ್ತಾರೆ. ಮಂಗಳೂರು, ಮಣಿಪಾಲಗಳಲ್ಲಿ ವಾಕ್ ಶ್ರವಣ ವಿಷಯದ ಕಾಲೇಜುಗಳು ಇರುವುದರಿಂದ ಕರಾವಳಿಯ ನಮಗೆ ಮನೆ ಬಿಡದೆ ಈ ತರಬೇತಿ ದೊರೆಯಿತು. ಬಿ.ಸಿ.ರೋಡಿನಿಂದ ಬಸ್ಸು ಹತ್ತಿ ಬಂದು ಸಂಜೆಯೊಳಗೆ ಮನೆ ಸೇರುವುದು ಎಷ್ಟು ದೊಡ್ಡ ಅನುಕೂಲವೆಂಬುದು ಇನ್ನೊಂದು ಮಗುವನ್ನು ಊರಿನಲ್ಲಿ ಬಿಟ್ಟು ಬಂದ ತಾಯಿಯನ್ನು ಕೇಳಿದರೆ ಗೊತ್ತಾಗುತ್ತದೆ. ಆ ಬಸ್ಸಿನಲ್ಲೇ ಒಂದು ದಿನ ಪಂಪ್‌ವೆಲ್ ದಾಟುವಾಗ ಕಂಡಕ್ಟರ್ ಊದಿದ ಸೀಟಿಗೆ ಮಗಳು ಹಿಂತಿರುಗಿ ನೋಡಿ, ಕಿವಿಯ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ನಾನಾಗಿ ಏನೂ ಹೇಳಿಕೊಡದೆ ಅವಳು ಗುರುತಿಸಿದ ಮೊದಲ ಸದ್ದು ಅದು.

ಪಾಠದ ಗುಣಮಟ್ಟದ ಬಗ್ಗೆ ಹೇಳಲೇಬೇಕಾದ ಒಂದು ಸಂಗತಿಯಿದೆ. ಪ್ರತಿದಿನ ಬೆಳಿಗ್ಗೆ ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಹಿಂದಿನಿಂದ ಹೇಳಿ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಡೇನಿಯಲ್ ಲಿಂಗ್ ಅವರ ಪರೀಕ್ಷೆ ಎಲ್ಲ ಕಡೆಯೂ ಇದೆ. ಮಾತಿನ ತಗ್ಗು ಸ್ವರದಿಂದ ಏರು ಸ್ವರದವರೆಗಿನ ಹರವನ್ನು ಆ ಆರು ಧ್ವನಿಗಳು ಮುಟ್ಟುತ್ತವೆ. ಆದರೆ ಇಂಗ್ಲಿಷಿನಿಂದ ಬಂದ ಪಾಠಗಳನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿದರೆ ಸಾಲದು ಎಂಬುದನ್ನು ಈ ಶಾಲೆಯ ಟೀಚರ್‌ಗಳು ಅರಿತಿದ್ದಾರೆ. ಕನ್ನಡದಲ್ಲಿ ಅರ್ಥ ಪದದ ಬಾಲದಲ್ಲಿರುತ್ತದೆ: ಡಬ್ಬಿಗೆ, ಡಬ್ಬಿಯಲ್ಲಿ, ಡಬ್ಬಿಯಿಂದ. ನಾವು ಮಾತನಾಡುವಾಗ ಆ ಬಾಲವನ್ನೇ ಮೆತ್ತಗೆ ನುಂಗಿಬಿಡುತ್ತೇವೆ, ಕಷ್ಟಪಟ್ಟು ಕೇಳುವ ಮಗುವಿಗೆ ಮೊದಲು ತಪ್ಪಿಹೋಗುವುದೂ ಅದೇ. ಹುಣಸೆ ಬೀಜ ಮತ್ತು ಎರಡು ಡಬ್ಬಿಗಳನ್ನಿಟ್ಟುಕೊಂಡು ಈ ಮೂರು ರೂಪಗಳ ಮೇಲೆ ಅವರು ಎರಡು ತಿಂಗಳು ಆಟ ಆಡಿಸಿದರು. ಇಂದು ಮಗಳು ‘ಶಾಲೆಯಿಂದ ಬಂದೆ’ ಎಂದು ಪೂರ್ತಿಯಾಗಿ ಹೇಳುವಾಗ ನನಗೆ ಆ ಹುಣಸೆ ಬೀಜಗಳು ನೆನಪಾಗುತ್ತವೆ. ಲ ಮತ್ತು ಳ, ನ ಮತ್ತು ಣ ಇನ್ನೂ ಕಲಸಿಹೋಗುತ್ತವೆ.

ಆಕ್ಷೇಪಗಳಲ್ಲಿ ಮೊದಲನೆಯದು ಮನೆಯ ಭಾಷೆಯದು. ಸೇರಿದ ವರ್ಷ ಮನೆಯಲ್ಲಿ ಕನ್ನಡವನ್ನು ಬಿಟ್ಟು ಬೇರೇನೂ ಆಡಬಾರದೆಂದು ಹೇಳಿದರು. ನಮ್ಮದು ತುಳು ಮನೆ. ಅತ್ತೆಗೆ ಕನ್ನಡ ಅರ್ಥವಾಗುತ್ತದೆ, ಆದರೆ ಮೊಮ್ಮಗಳನ್ನು ಮುದ್ದಿಸುವಷ್ಟು ಬರುವುದಿಲ್ಲ. ಆರು ತಿಂಗಳು ಅತ್ತೆ ಅವಳ ಹತ್ತಿರ ಹೆಚ್ಚುಕಡಿಮೆ ಮೌನವಾಗಿದ್ದರು. ಮಾತೇ ಬೇಕಾದ ಮಗುವಿನ ಸುತ್ತ ಅತಿ ಹೆಚ್ಚು ಮಾತನಾಡುವ ಜೀವವನ್ನೇ ಬಾಯಿ ಕಟ್ಟಿ ಕೂರಿಸಿದ್ದು ನನಗೆ ಈಗಲೂ ಸಂಕಟದ ವಿಷಯ. ಆಮೇಲೆ ಬಂದ ಟೀಚರ್, ಮನೆಯವರು ಸಲೀಸಾಗಿ ಆಡುವ ಭಾಷೆಯೇ ಮೊದಲು ಬರಲಿ, ಕನ್ನಡ ಹಿಂದೆಯೇ ಬರುತ್ತದೆ ಎಂದರು. ಹಾಗೆಯೇ ಆಯಿತು. ಅವಳ ಮೊದಲ ಸ್ಪಷ್ಟ ಪದ ತುಳುವಿನ ‘ನೀರ್’. ತುಳು, ಕೊಂಕಣಿ, ಬ್ಯಾರಿ ಮನೆಗಳ ಮಕ್ಕಳೇ ತುಂಬಿರುವ ಈ ಊರಿನಲ್ಲಿ ಇದನ್ನು ಟೀಚರ ವೈಯಕ್ತಿಕ ನಿಲುವಿಗೆ ಬಿಡದೆ ಶಾಲೆಯ ನಿಯಮವಾಗಿಯೇ ಬರೆದಿಡಬೇಕು.

ಎರಡನೆಯದು ಇನ್ನೂ ಗಂಭೀರ. ಕೈಸನ್ನೆಯ ಹೆಸರೆತ್ತಿದರೆ ಶಾಲೆಯಲ್ಲಿ ಮಾತು ನಿಂತುಬಿಡುತ್ತದೆ. ಬಹುತೇಕ ಕಿವಿ ಕೇಳುವ ಶಿಕ್ಷಕರೇ ಸೇರಿದ್ದ 1880ರ ಮಿಲಾನ್ ಸಮ್ಮೇಳನ ಸನ್ನೆ ಭಾಷೆಯನ್ನು ಶಾಲೆಗಳಿಂದ ಹೊರಗಿಡುವ ನಿರ್ಣಯ ಮಾಡಿತು. 2010ರಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಅದೇ ಪರಂಪರೆಯ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ನಮ್ಮಲ್ಲಿ ಭಾರತೀಯ ಸನ್ನೆ ಭಾಷೆಗೆ 2015ರಿಂದ ದೆಹಲಿಯಲ್ಲಿ ಪ್ರತ್ಯೇಕ ಸಂಶೋಧನಾ ಕೇಂದ್ರವೇ ಇದೆ. ನನ್ನ ಮಗಳ ಗುಂಪಿನಲ್ಲಿದ್ದ ಒಬ್ಬ ಹುಡುಗನಿಗೆ ಇಂಪ್ಲಾಂಟಿನಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಮೂರು ವರ್ಷ ಅವನು ಯಾವ ಭಾಷೆಯೂ ಇಲ್ಲದೆ ಕುಳಿತಿದ್ದ. ಅವನ ತಾಯಿಗೆ ಇನ್ನೊಂದು ದಾರಿಯಿದೆ ಎಂದು ಮೊದಲ ವರ್ಷದಲ್ಲೇ ಹೇಳುವುದು ಶಾಲೆಯ ಕರ್ತವ್ಯವಾಗಿತ್ತು. ಮಾತು ಕಲಿಸುವುದರಲ್ಲಿ ಇಷ್ಟು ನಿಪುಣರಾದವರು ಈ ಒಂದು ವಿಷಯದಲ್ಲಿ ನೂರನಲವತ್ತಕ್ಕೂ ಹೆಚ್ಚು ವರ್ಷ ಹಿಂದೆ ನಿಂತಿರುವುದನ್ನು ನಾನು ಒಪ್ಪಲಾರೆ.

ಶುಲ್ಕ ನಮ್ಮಂಥವರ ಕೈಗೆಟಕುವಂತಿದೆ. ಅಂಗವಿಕಲರಿಗೆ ಸಾಧನ ಸಲಕರಣೆ ಪಡೆಯಲು ನೆರವಾಗುವ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಇಂಪ್ಲಾಂಟಿಗೆ ನೆರವು ಸಿಗುತ್ತದೆಂಬ ಮಾಹಿತಿಯನ್ನು ಶಾಲೆಯವರೇ ಕೊಡುತ್ತಾರೆ, ಆದರೆ ಬ್ಯಾಟರಿ, ಕೇಬಲ್, ವಾರಂಟಿ ಮುಗಿದ ಪ್ರೊಸೆಸರಿನ ಖರ್ಚು ವರ್ಷವರ್ಷವೂ ಬರುತ್ತದೆಂದು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಪ್ರತಿ ರಾತ್ರಿ ಪ್ರೊಸೆಸರನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಒಣಗಿಸಿಡಬೇಕು; ಕರಾವಳಿಯ ತೇವಕ್ಕೆ ನಮ್ಮ ಎರಡು ಮೈಕ್ ಹಾಳಾದವು. ರಸ್ತೆಯ ಕಡೆಯ ಕೋಣೆಯಲ್ಲಿ ಟೈಲ್ಸ್ ನೆಲದಿಂದ ಸದ್ದು ಮರುಕಳಿಸುತ್ತದೆ, ಹಾಗಾಗಿ ಹಿಂದಿನ ಕೋಣೆಯ ಸಮಯವನ್ನೇ ಕೇಳಿ ಪಡೆಯಿರಿ.

ನೋಡಲು ಹೋಗುವವರು ಮೊದಲೇ ಫೋನ್ ಮಾಡಿದರೆ ಒಂದು ಪಾಠದಲ್ಲಿ ಕೂರಲು ಬಿಡುತ್ತಾರೆ. ಮಗುವನ್ನೂ, ಮನೆಯಲ್ಲಿ ಅದರ ಜೊತೆ ಹೆಚ್ಚು ಹೊತ್ತು ಇರುವವರನ್ನೂ ಕರೆದುಕೊಂಡು ಹೋಗಿ. ನಮ್ಮ ಅತ್ತೆಯನ್ನು ನಾನು ಮೊದಲ ದಿನವೇ ಕರೆದೊಯ್ಯಬೇಕಿತ್ತು.