ಸ್ಲ್ಯಾಂಟ್ ಬೋರ್ಡ್: ಬಿಗಿದ ಮೀನಖಂಡಕ್ಕೆ ಸರಿ, ಉಳುಕಿಗೆ ಅಲ್ಲ

ಆರು ತಿಂಗಳಿಂದ ದಿನಾ ಈ ಇಳಿಜಾರು ಹಲಗೆಯ ಮೇಲೆ ನಿಲ್ಲುತ್ತಿದ್ದೇನೆ, ಈಗ ಬರೆಯುವ ಹಕ್ಕಿದೆ ಅಂದುಕೊಳ್ಳುತ್ತೇನೆ. ಓಡುವುದನ್ನು ಶುರು ಮಾಡಿದ ಮೇಲೆ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗೆ ಆಗುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಫಿಸಿಯೋ ನೋಡಿ, ಇದು ಪ್ಲಾಂಟರ್ ಫ್ಯಾಶಿಯೈಟಿಸ್, ಅಂದರೆ ಅಂಗಾಲಿನ ದಪ್ಪ ಪಟ್ಟಿಯ ನೋವು, ನಿಮ್ಮ ಮೀನಖಂಡ ತುಂಬಾ ಬಿಗಿದುಕೊಂಡಿದೆ, ಮೊದಲು ಅದನ್ನು ಸಡಿಲ ಮಾಡಿ ಅಂದರು. ಹಾಗೆ ಬಂದಿದ್ದು ಈ ಹಲಗೆ.

ವಸ್ತು ಸರಳ. ಇಳಿಜಾರಾದ ಮರದ ಹಲಗೆ, ಹಿಂದೆ ಒಂದು ಕಡ್ಡಿ, ಅದನ್ನು ಬೇರೆ ಬೇರೆ ಕಚ್ಚಿಗೆ ಕೂರಿಸಿದರೆ ಏರು ಬದಲಾಗುತ್ತದೆ. ಗೋಡೆಗೆ ಕೈ ಊರಿ ಸ್ಟ್ರೆಚ್ ಮಾಡುವಾಗ ನಾನು ಗೊತ್ತಿಲ್ಲದೆಯೇ ಕಳ್ಳಾಟ ಆಡುತ್ತಿದ್ದೆ, ಹಿಮ್ಮಡಿ ಸ್ವಲ್ಪ ಎತ್ತುವುದು, ಪಾದ ಹೊರಗೆ ತಿರುಗಿಸುವುದು. ಇಲ್ಲಿ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ನನಗಂತೂ ಇದೇ ದೊಡ್ಡ ಲಾಭ.

ಜೊತೆಗೆ ಬಂದ ಚೀಟಿಯಲ್ಲಿ ಮಾತ್ರ ಅರ್ಧ ವಿಷಯ ಇದೆ. ಮಂಡಿ ನೆಟ್ಟಗಿಟ್ಟು ನಿಂತಿರುವ ಚಿತ್ರ ಒಂದೇ. ಆದರೆ ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ ಅಲ್ವಾ? ಮೇಲಿನದು ಮಂಡಿಯನ್ನೂ ದಾಟಿ ಹೋಗುತ್ತದೆ, ಅದಕ್ಕೆ ಮಂಡಿ ನೆಟ್ಟಗಿರಬೇಕು. ಒಳಗಿನ ಸೋಲಿಯಸ್ ಮಂಡಿಯ ಕೆಳಗೇ ಶುರುವಾಗುತ್ತದೆ, ಅದು ಚೆನ್ನಾಗಿ ಎಳೆಯಬೇಕೆಂದರೆ ಮಂಡಿ ಸ್ವಲ್ಪ ಬಗ್ಗಿಸಬೇಕು. ಎರಡೂ ಸೇರಿ ಅಕಿಲಿಸ್ ಅನ್ನುವ ದಪ್ಪ ಸ್ನಾಯುರಜ್ಜು ಆಗಿ ಹಿಮ್ಮಡಿಗೆ ಅಂಟಿಕೊಳ್ಳುತ್ತವೆ. ನಾನು ಒಂದೊಂದು ಬಗೆಗೆ 30 ಸೆಕೆಂಡು, ಮೂರು ಸಲ, ಕುಲುಕದೆ ನಿಲ್ಲುತ್ತೇನೆ. ಅದೂ ಸ್ವಲ್ಪ ಓಡಾಡಿ ಮೈ ಬಿಸಿಯಾದ ಮೇಲೆ.

ಫಲಿತಾಂಶ ನೋಡಲು ಒಂದು ಸುಲಭ ಅಳತೆ ಇದೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಬೇಕು, ಆಗ ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಇದೆ ಅಂತ ನೋಡಬೇಕು. ಮೊದಲ ದಿನ ನನ್ನದು 5 ಸೆಂ.ಮೀ., ಈಗ 9. ಬೆಳಗಿನ ಚುಚ್ಚು ಪೂರ್ತಿ ಹೋಗಿಲ್ಲ, ಆದರೆ ಈಗ ಅದನ್ನು ನೆನಪಿಸಿಕೊಂಡು ಹುಡುಕಬೇಕು.

ಇನ್ನು ಕೋಪ ಬಂದ ವಿಷಯ. ಪೆಟ್ಟಿಗೆ ಮೇಲೆ ‘ಉಳುಕಿನಿಂದ ರಕ್ಷಣೆ’ ಅಂತ ದೊಡ್ಡದಾಗಿ ಬರೆದಿದ್ದಾರೆ. ಎರಡನೇ ತಿಂಗಳಲ್ಲೇ ಮೆಟ್ಟಿಲ ಅಂಚಿನಲ್ಲಿ ಕಾಲು ಮಡಚಿ ಉಳುಕಿತು! ಪಾದ ಒಳಗೆ ಹೊರಳಿದಾಗ ಹೊರಬದಿಯ ಲಿಗಮೆಂಟಿಗೆ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿಗೆ) ಪೆಟ್ಟು ಬೀಳುತ್ತದೆ, ಆ ಕ್ಷಣದಲ್ಲಿ ಕಾಲು ತನ್ನನ್ನು ತಾನೇ ಹಿಡಿದುಕೊಳ್ಳಬೇಕು. ಮೀನಖಂಡ ಎಳೆದುಬಿಟ್ಟರೆ ಅದು ಬರುವುದಿಲ್ಲ, ಬ್ಯಾಲೆನ್ಸ್ ಅಭ್ಯಾಸ ಬೇಕು. ಈಗ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುತ್ತೇನೆ. ಅದಕ್ಕೆ ಯಾವ ಹಲಗೆಯೂ ಬೇಡ.

ಇನ್ನೊಂದು, ನೋವು ಸರಿಯಾಗಿ ಅಕಿಲಿಸ್ ಹಿಮ್ಮಡಿಗೆ ಅಂಟುವ ಜಾಗದಲ್ಲೇ ಇದ್ದರೆ ಇದನ್ನು ತಗೋಬೇಡಿ. ಜಾಸ್ತಿ ಏರಿನಲ್ಲಿ ಅದು ಮೂಳೆಗೆ ಒತ್ತಿ ನೋವು ಹೆಚ್ಚಾಗಬಹುದು, ಮೊದಲು ಫಿಸಿಯೋಗೆ ತೋರಿಸಿ. ಬಿಗಿತ ಸ್ವಲ್ಪವೇ ಇದ್ದರೆ ಗೋಡೆಯೇ ಸಾಕು, ಸುಮ್ನೆ ದುಡ್ಡು ಯಾಕೆ.

ಐದರಲ್ಲಿ ಮೂರು ಸ್ಟಾರ್. ಒಂದು ಕಳೆದಿದ್ದು ಪೆಟ್ಟಿಗೆಯ ಸುಳ್ಳಿಗೆ, ಇನ್ನೊಂದು ಅಡಿಯ ರಬ್ಬರಿಗೆ. ಮೂರೇ ವಾರಕ್ಕೆ ಕಿತ್ತುಬಂತು, ಈಗ ಹಳೆ ಯೋಗಾ ಮ್ಯಾಟಿನ ತುಂಡು ಹಾಸಿ ನಿಲ್ಲುತ್ತಿದ್ದೇನೆ.