ಒಪಿನೆಲ್ ನಂ. 8: ವರ್ಷಗಟ್ಟಲೆ ಜೇಬಿನಲ್ಲಿ ಇಟ್ಟುಕೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ದಿನಾ ಜೇಬಿನಲ್ಲಿ ಇಟ್ಟುಕೊಳ್ಳೋಕೆ ಒಂದು ಮಡಚುವ ಚಾಕು ಬೇಕು, ಅದು ಚೆನ್ನಾಗಿ ಕತ್ತರಿಸಬೇಕು, ಜೇಬು ಜಗ್ಗಬಾರದು ಅನ್ನುವವರಿಗೆ ಒಪಿನೆಲ್ ನಂ. 8 ಸಾಕು. ಸ್ಟೇನ್‌ಲೆಸ್ ಅಲಗಿನದ್ದು. ಇದರಲ್ಲಿ ಕೊರತೆಗಳಿವೆ, ಕೆಲವರಿಗೆ ಇದು ಒಗ್ಗುವುದೇ ಇಲ್ಲ. ಅದನ್ನೂ ಬರೆಯುತ್ತೇನೆ. ನಡುವೆ ಬೇರೆ ನಾಲ್ಕಾರು ಚಾಕು ಕೊಂಡು, ಒಂದಷ್ಟು ತಿಂಗಳು ಬಳಸಿ, ಡ್ರಾಯರ್‌ಗೆ ಹಾಕಿದ್ದೇನೆ. ಕೊನೆಗೆ ಕೈ ಹೋಗುವುದು ಇದಕ್ಕೇ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು ಇದು. 1897ರಲ್ಲಿ 1ರಿಂದ 12ರವರೆಗೆ ಅಳತೆಯ ನಂಬರ್ ಬಂತು. ಅದರಲ್ಲಿ ಎಂಟನೆಯದು ಹೆಚ್ಚು ಜನ ಕೊಳ್ಳುವ ಅಳತೆ. ಅಲಗು 8.5 ಸೆಂಟಿಮೀಟರ್, ಹಿಡಿ ಬೀಚ್ ಮರದ್ದು, ತೂಕ 50 ಗ್ರಾಮಿನೊಳಗೆ. ಅಲಗಿನ ಮೇಲೆ ಕಿರೀಟ ಹೊತ್ತ ಕೈಯ ಗುರುತು. ಒಂದು ಅಲಗು, ಒಂದು ಮರದ ಹಿಡಿ, ಒಂದು ಪಿನ್, ಎರಡು ಲೋಹದ ಉಂಗುರ, ಅಷ್ಟೇ. ಬಿಚ್ಚಿ ನೋಡೋಕೆ ಒಳಗೆ ಏನೂ ಇಲ್ಲ.

ಚಾಕುವಿನ ಮಾತು ಶುರುವಾದರೆ ಎಲ್ಲರೂ ಮೊದಲು ಕೇಳುವುದು ಉಕ್ಕು ಯಾವುದು ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು ಅಲಗು ಎಷ್ಟು ತೆಳು ಅಂತ. ಆಮೇಲೆ, ಜೇಬಿನಲ್ಲಿ ಇದೆ ಅನ್ನುವುದೇ ಮರೆತು ಹೋಗುತ್ತದಾ ಇಲ್ವಾ ಅಂತ.

ಯಾಕೆ ಅಂದರೆ, ದಿನಾ ನಾವು ಕತ್ತರಿಸುವುದು ಏನು? ಪಾರ್ಸೆಲ್ ಪೆಟ್ಟಿಗೆಯ ಟೇಪು, ರಟ್ಟು, ಪ್ಲಾಸ್ಟಿಕ್ ಪಟ್ಟಿ, ಹಗ್ಗ, ದಾರ, ಗಟ್ಟಿ ಪ್ಲಾಸ್ಟಿಕ್ ಹೊದಿಕೆ. ಒಮ್ಮೊಮ್ಮೆ ಪೆನ್ಸಿಲ್, ಒಮ್ಮೊಮ್ಮೆ ಹಣ್ಣು. ಇದರಲ್ಲಿ ಯಾವುದಕ್ಕೂ ದಪ್ಪ ಅಲಗು ಬೇಕಿಲ್ಲ. ಆದರೂ ಅಂಗಡಿಗಳಲ್ಲಿ ಕಾಣುವ ಎಷ್ಟೋ ಮಡಚುವ ಚಾಕುಗಳ ಬೆನ್ನು, ಅಂದರೆ ಅಂಚಿನ ಎದುರು ಬದಿ, ಮೂರು ಮಿಲಿಮೀಟರಿಗಿಂತ ದಪ್ಪ ಇರುತ್ತದೆ. ನೋಡೋಕೆ ಗಟ್ಟಿಮುಟ್ಟು. ಕೈಗೆ ತೆಗೆದುಕೊಂಡರೆ ದುಡ್ಡಿಗೆ ಸರಕು ಸಿಕ್ಕಿತು ಅನ್ನಿಸುತ್ತದೆ. ಒಂದು ದಪ್ಪ ರಟ್ಟಿನ ಪೆಟ್ಟಿಗೆ ಕತ್ತರಿಸಿ ನೋಡಿ, ಆಗ ಗೊತ್ತಾಗುತ್ತದೆ. ಅಂಚು ಸಲೀಸಾಗಿ ಒಳಗೆ ಹೋಗುತ್ತದೆ. ಎರಡು ಬೆರಳಿನಷ್ಟು ಸಾಗುವಷ್ಟರಲ್ಲಿ ಅಲಗಿನ ದಪ್ಪ ಭಾಗ ರಟ್ಟಿನ ನಡುವೆ ಸಿಕ್ಕಿಕೊಳ್ಳುತ್ತದೆ. ಕಿರ್ ಅಂತ ಸದ್ದು. ಆಮೇಲೆ ನೀವು ಕತ್ತರಿಸುತ್ತಿಲ್ಲ, ಸೀಳುತ್ತಿದ್ದೀರಿ. ಕೈಯ ಬಲ ಜಾಸ್ತಿ ಬೀಳುತ್ತದೆ. ಬಲ ಜಾಸ್ತಿ ಬಿದ್ದಾಗಲೇ ಚಾಕು ಜಾರಿ ಎಲ್ಲೆಲ್ಲಿಗೋ ಹೋಗುವುದು.

ಒಪಿನೆಲ್ ಅಲಗು ಬೆನ್ನಿನ ಹತ್ತಿರವೇ ಎರಡು ಮಿಲಿಮೀಟರಿಗಿಂತ ಕಡಿಮೆ. ಅಲ್ಲಿಂದ ಅಂಚಿನವರೆಗೆ ಒಂದೇ ಸಮ ತೆಳುವಾಗುತ್ತಾ ಬರುತ್ತದೆ. ಅದೇ ರಟ್ಟಿನಲ್ಲಿ ಇದು ತಡೆಯಿಲ್ಲದೆ ಸಾಗುತ್ತದೆ. ಅಂಚು ಸ್ವಲ್ಪ ಮೊಂಡಾದ ಮೇಲೂ ಸಾಗುತ್ತದೆ, ಅದೇ ನನಗೆ ಇಷ್ಟವಾದದ್ದು. ದಪ್ಪ ಚಾಕು ಹರಿತ ಇದ್ದಾಗ ಮಾತ್ರ ಚೆನ್ನ. ತೆಳು ಚಾಕು ಹರಿತ ಕಡಿಮೆಯಾದರೂ ಒಂದಷ್ಟು ದಿನ ಕೆಲಸ ನಡೆಸಿಕೊಡುತ್ತದೆ.

ತೆಳು ಅಂದ ಮೇಲೆ ಅದಕ್ಕೊಂದು ಮಿತಿಯೂ ಇದೆ. ಇದರ ತುದಿಯಿಂದ ಡಬ್ಬಿ ಮುಚ್ಚಳ ಮೀಟೋದು, ಸ್ಕ್ರೂ ತಿರುಗಿಸೋದು ಮಾಡಬೇಡಿ. ಮುರಿಯುತ್ತದೆ. ಯಾವ ಚಾಕುವಿನ ತುದಿಯೂ ಅದಕ್ಕೆ ಅಲ್ಲ, ಇದರದ್ದಂತೂ ಅಲ್ಲವೇ ಅಲ್ಲ.

ಈಗ ಉಕ್ಕಿಗೆ ಬರೋಣ. ನಂ. 8 ಎರಡು ಉಕ್ಕಿನಲ್ಲಿ ಸಿಗುತ್ತದೆ. ಒಂದು ಕಾರ್ಬನ್ ಉಕ್ಕು, ಎಕ್ಸ್‌ಸಿ90 ಅನ್ನುತ್ತಾರೆ. ಇನ್ನೊಂದು ಸ್ಟೇನ್‌ಲೆಸ್, ಸ್ಯಾಂಡ್ವಿಕ್ ಕಂಪನಿಯ 12ಸಿ27 ಬಗೆಯದು. (ಆ ಉಕ್ಕಿನ ವ್ಯಾಪಾರ 2022ರಿಂದ ಅಲೈಮಾ ಅನ್ನುವ ಬೇರೆ ಕಂಪನಿಯಾಗಿದೆ, ಹೆಸರು ಬೇರೆ ಕಂಡರೆ ಗಾಬರಿ ಬೇಡ.) ಕಾರ್ಬನ್ ಉಕ್ಕು ಬೇಗ ಹರಿತಕ್ಕೆ ಬರುತ್ತದೆ, ಆ ಹರಿತವನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಆದರೆ ಜೇಬು ಅಂದರೆ ಬೆವರು. ಬೆವರಿನಲ್ಲಿ ಉಪ್ಪು. ಕಾರ್ಬನ್ ಅಲಗಿಗೆ ಒಂದೇ ಬೇಸಿಗೆಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಬರುತ್ತದೆ. ಹುಳಿ ಹಣ್ಣು ಕತ್ತರಿಸಿ ಒರೆಸದೆ ಬಿಟ್ಟರೆ ಅಲಗು ಬೂದಿ ಬಣ್ಣಕ್ಕೆ ತಿರುಗುತ್ತದೆ. ಆ ಬೂದಿ ಬಣ್ಣ ಕೆಟ್ಟದ್ದಲ್ಲ, ಮುಂದಿನ ತುಕ್ಕನ್ನು ಅದು ಸ್ವಲ್ಪ ತಡೆಯುತ್ತದೆ. ಅಲಗಿನ ಬಣ್ಣ ಬದಲಾಗುವುದನ್ನು ನೋಡಿ ಖುಷಿಪಡುವ ಜನರೂ ಇದ್ದಾರೆ. ದಿನಾ ಎಣ್ಣೆ ಒರೆಸುವ ಅಭ್ಯಾಸ ಇದ್ದರೆ ಕಾರ್ಬನ್ ತಗೊಳ್ಳಿ. ಇಲ್ಲದಿದ್ದರೆ ಸುಮ್ನೆ ಸ್ಟೇನ್‌ಲೆಸ್ ತಗೊಳ್ಳಿ.

ಇದಕ್ಕಿಂತ ದುಬಾರಿ ಉಕ್ಕುಗಳಿವೆ. 2001ರಲ್ಲಿ ಬಂದ ಎಸ್30ವಿ ಚಾಕುವಿಗೆಂದೇ ಮಾಡಿದ ಉಕ್ಕು, ಹರಿತ ಬಹಳ ಕಾಲ ಉಳಿಯುತ್ತದೆ. ಡಿ2 ಕೂಡ ಹಾಗೇ, ಅದು ಮೂಲತಃ ಕಾರ್ಖಾನೆಯ ಅಚ್ಚುಗಳಿಗೆ ಬಳಸುವ ಉಕ್ಕು. ಅದರಲ್ಲಿ ಶೇಕಡಾ 12ರಷ್ಟು ಕ್ರೋಮಿಯಂ ಇದ್ದರೂ ಅದರಲ್ಲಿ ದೊಡ್ಡ ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿಬಿಡುತ್ತದೆ, ತುಕ್ಕು ತಡೆಯೋಕೆ ಸಾಕಷ್ಟು ಉಳಿಯುವುದಿಲ್ಲ. ಅದಕ್ಕೇ ಡಿ2ಗೆ ಪೂರ್ತಿ ಸ್ಟೇನ್‌ಲೆಸ್ ಅನ್ನುವ ಹೆಸರಿಲ್ಲ. ಈ ಎರಡೂ ಉಕ್ಕಿನ ಚಾಕು ನನ್ನ ಹತ್ತಿರ ಇವೆ. ಹರಿತ ಉಳಿಯುವುದರಲ್ಲಿ ಒಪಿನೆಲ್ ಇವುಗಳ ಹತ್ತಿರಕ್ಕೂ ಬರಲ್ಲ, ಒಪ್ಪುತ್ತೇನೆ. ಆದರೆ ಅವು ಮೊಂಡಾದ ದಿನ ಸಾಮಾನ್ಯ ಸಾಣೆಕಲ್ಲಿನ ಮೇಲೆ ಎಷ್ಟು ತಿಕ್ಕಿದರೂ ಜಗ್ಗಲ್ಲ, ವಜ್ರದ ಪುಡಿ ಅಂಟಿಸಿದ ಪ್ಲೇಟೇ ಬೇಕು ಅನ್ನಿಸುತ್ತದೆ. ಒಪಿನೆಲ್ ಅಲಗಿಗೆ ಒಂದು ಪಿಂಗಾಣಿ ಕಡ್ಡಿ ಸಾಕು, ಅದೂ ಇಲ್ಲದಿದ್ದರೆ ಚಹಾ ಬಟ್ಟಲಿನ ತಳದ ಒರಟು ಅಂಚು.

ಸಾಣೆ ಹಿಡಿಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಚಾಕು ಕೊಂಡು ಮೊಂಡು ಮಾಡಿ ಇಟ್ಟುಕೊಂಡವರೇ ಜಾಸ್ತಿ. ಸಾವಿರ ನಂಬರಿನ (ಕಲ್ಲು ಎಷ್ಟು ನುಣುಪು ಅನ್ನುವ ಅಳತೆ) ನೀರು ಕಲ್ಲು, ಅಂದರೆ ನೀರು ಹಾಕಿ ಉಜ್ಜುವ ಸಾಣೆಕಲ್ಲು, ಒಂದು ಸಾಕು. ಒಂದು ಬದಿಗೆ 15ರಿಂದ 20 ಡಿಗ್ರಿ ಓರೆ. ತೆಳು ಅಲಗಿಗೆ 15ರ ಕಡೆಗೇ ಇರಲಿ. ಓರೆ ಸರಿಯಾಗಿದೆಯಾ ಅಂತ ತಿಳಿಯಲು ಅಂಚಿನ ಉದ್ದಕ್ಕೂ ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ. ನಾಲ್ಕು ಸಲ ಉಜ್ಜಿ ನೋಡಿ. ಮಸಿ ಅಂಚಿನ ತುದಿಯವರೆಗೂ ಹೋಗಿದ್ದರೆ ಸರಿ. ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಬೆನ್ನನ್ನು ಇನ್ನೊಂದು ಕೂದಲೆಳೆಯಷ್ಟು ಎತ್ತಿ. ಒಂದೇ ಬದಿ ಉಜ್ಜುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಸಣ್ಣ ಒರಟು ಎದ್ದು ಬೆರಳಿಗೆ ತಗಲುತ್ತದೆ. ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಸವರಿ ನೋಡಬೇಕು, ಅಂಚಿನ ಉದ್ದಕ್ಕೆ ಎಂದೂ ಅಲ್ಲ. ಆ ಒರಟು ಪೂರ್ತಿ ಉದ್ದಕ್ಕೂ ಬಂದ ಮೇಲೆ ಬದಿ ಬದಲಿಸಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಅಂಚು ಹಿಂದಾಗಿ ನಾಲ್ಕಾರು ಸಲ ಎಳೆದರೆ ಮುಗಿಯಿತು. ನ್ಯೂಸ್‌ಪೇಪರ್ ಹಾಳೆಯನ್ನು ಎಳೆಗೆ ಅಡ್ಡವಾಗಿ ಕತ್ತರಿಸಿ ನೋಡಿ. ಎಲ್ಲಾದರೂ ಹರಿದ ಹಾಗೆ ನಿಂತರೆ ಅಂಚಿನ ಆ ಜಾಗಕ್ಕೆ ಇನ್ನೂ ಸಾಣೆ ಬೇಕು ಅಂತ.

ಲಾಕ್. ಮಡಚುವ ಚಾಕುವಿನಲ್ಲಿ ಬೆರಳು ಉಳಿಸುವುದು ಇದೇ. ಒಪಿನೆಲ್‌ದು ಒಂದು ತಿರುಗುವ ಉಂಗುರ, ವಿರೋಬ್ಲಾಕ್ ಅಂತ ಹೆಸರು, 1955ರಲ್ಲಿ ಸೇರಿಸಿದ್ದು. ಅಲಗು ಬಿಡಿಸಿ ಉಂಗುರ ತಿರುಗಿಸಿದರೆ ಅಲಗು ವಾಪಸ್ ಬರುವ ದಾರಿ ಮುಚ್ಚಿಹೋಗುತ್ತದೆ. 2000ದಿಂದ ಮಡಚಿದಾಗಲೂ ಲಾಕ್ ಮಾಡಬಹುದು. ಅಂದರೆ ಜೇಬಿನಲ್ಲಿ ತಾನಾಗೇ ತೆರೆದುಕೊಳ್ಳುವ ಭಯ ಇಲ್ಲ. ಇದರಲ್ಲಿ ಸವೆಯುವಂಥದ್ದು ಕಡಿಮೆ, ಸ್ಪ್ರಿಂಗ್ ಇಲ್ಲ.

ಹೋಲಿಕೆಗೆ ಒಂದು ಘಟನೆ. ಹೆಸರು ಹೇಳದ ಒಂದು ಅಗ್ಗದ ಲೈನರ್ ಲಾಕ್ ಚಾಕು ನನ್ನ ಹತ್ತಿರ ಇತ್ತು. ಲೈನರ್ ಲಾಕ್ ಅಂದರೆ ಹಿಡಿಯ ಒಳಗಿನ ತೆಳು ಲೋಹದ ಪಟ್ಟಿ ಬಾಗಿ ಬಂದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುವುದು. ಸರಿಯಾಗಿ ಮಾಡಿದರೆ ಒಳ್ಳೆಯ ಲಾಕ್ ಅದು. ಇದರಲ್ಲಿ ಪಟ್ಟಿ ಅಲಗಿನ ಬುಡದ ತುದಿಗೆ ಮಾತ್ರ ತಾಗುತ್ತಿತ್ತು. ಹಗ್ಗ ಕತ್ತರಿಸಿ ಅಲಗು ಹಿಂದಕ್ಕೆ ಎಳೆಯುವಾಗ ಬೆನ್ನು ಪೆಟ್ಟಿಗೆಯ ಅಂಚಿಗೆ ಬಡಿಯಿತು, ಟಕ್ ಅಂತ ಮಡಚಿಕೊಂಡಿತು. ಬೆರಳು ಆಚೆ ಇದ್ದದ್ದಕ್ಕೆ ಏನೂ ಆಗಲಿಲ್ಲ. ಆ ಚಾಕು ಅವತ್ತೇ ಕಸಕ್ಕೆ ಹೋಯಿತು. ಯಾವುದೇ ಲೈನರ್ ಲಾಕ್ ಕೊಳ್ಳುವ ಮುಂಚೆ ತೆರೆದು ಒಳಗೆ ನೋಡಿ: ಪಟ್ಟಿ ಅಲಗಿನ ಬುಡಕ್ಕೆ ಚೆನ್ನಾಗಿ ಒರಗಿ ನಿಂತಿದೆಯಾ, ಬೆರಳು ಅಲಗಿನ ದಾರಿಯಿಂದ ದೂರ ಇಟ್ಟು ಬೆನ್ನನ್ನು ಒತ್ತಿದರೆ ಅಲುಗಾಡುತ್ತದಾ? ಮಡಚಿದಾಗ ಅಲಗು ಹಿಡಿಯ ನಡುವೆ ಕೂರುತ್ತದಾ, ಒಂದು ಬದಿಗೆ ಉಜ್ಜುತ್ತದಾ? ತುದಿ ಪೂರ್ತಿ ಒಳಗೆ ಮುಚ್ಚುತ್ತದಾ? ಇಷ್ಟು ನೋಡೋಕೆ ಒಂದು ನಿಮಿಷ ಬೇಡ, ಪೆಟ್ಟಿಗೆಯ ಮೇಲೆ ಬರೆದ ಉಕ್ಕಿನ ಹೆಸರಿಗಿಂತ ಇದರಿಂದ ಜಾಸ್ತಿ ಗೊತ್ತಾಗುತ್ತದೆ.

ಒಪಿನೆಲ್‌ನ ಕೊರತೆಗಳಿಗೆ ಬರುತ್ತೇನೆ. ದೊಡ್ಡದು ಮರ. ತೇವಕ್ಕೆ ಬೀಚ್ ಮರ ಉಬ್ಬುತ್ತದೆ, ಸೀಳಿನೊಳಗೆ ಅಲಗು ಬಿಗಿಯಾಗಿ ಕೂತುಬಿಡುತ್ತದೆ. ಮಳೆಗಾಲದಲ್ಲಿ ಉಗುರು ಹಾಕಿ ಎಳೆದರೆ ಬರುವುದಿಲ್ಲ. ಸವಾಯ್‌ನವರು ಇದಕ್ಕೆ ಒಂದು ಉಪಾಯ ಮಾಡುತ್ತಾರೆ. ಉಂಗುರದ ಲಾಕ್ ತೆಗೆದು, ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಮೆಲ್ಲಗೆ ಕುಟ್ಟುತ್ತಾರೆ. ಅಲಗಿನ ತುದಿ ಸ್ವಲ್ಪ ಹೊರಗೆ ಇಣುಕುತ್ತದೆ, ಆಮೇಲೆ ಬೆರಳಲ್ಲಿ ಬಿಡಿಸಬಹುದು. ಕೆಲಸ ಮಾಡುತ್ತದೆ. ಆದರೆ ನಾಲ್ಕು ಜನರ ಮುಂದೆ ಚಾಕು ಕುಟ್ಟುತ್ತಾ ಕೂರುವುದು ಅಷ್ಟು ಚೆನ್ನಾಗಿ ಕಾಣಲ್ಲ ಅಲ್ವಾ. ಶಾಶ್ವತ ಪರಿಹಾರ ಬೇಕಿದ್ದರೆ ಸೀಳಿನ ಒಳಗೋಡೆಯನ್ನು ಸಣ್ಣ ಉಪ್ಪುಕಾಗದದಿಂದ ಹದವಾಗಿ ಉಜ್ಜಬೇಕು, ಅಲಗು ತಿರುಗುವ ಕೀಲಿಗೆ ಒಂದು ಹನಿ ಮಿನರಲ್ ಆಯಿಲ್ ಬಿಡಬೇಕು. ಅಡುಗೆ ಎಣ್ಣೆ ಬೇಡ, ಅದು ಬರಬರುತ್ತಾ ಅಂಟಾಗಿ ಧೂಳು ಹಿಡಿಯುತ್ತದೆ. ಹಿಡಿಯ ಮೇಲೆ ವಾರ್ನಿಷ್ ಇರುವುದರಿಂದ ಸುಮ್ನೆ ಅಗಸೆ ಎಣ್ಣೆ ಸವರಿದರೆ ಒಳಗೆ ಇಳಿಯುವುದಿಲ್ಲ, ವಾರ್ನಿಷ್ ಉಜ್ಜಿ ತೆಗೆದು ಹಚ್ಚಬೇಕು. ಅಂದ ಹಾಗೆ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಒಣಗುವಾಗ ಅದು ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಹಾಕಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಎರಡನೆಯದು, ತೆರೆಯೋಕೆ ಎರಡು ಕೈ ಬೇಕು. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಕೆಲಸ ಮಾಡುವವರಿಗೆ ಇದು ಆಗಲ್ಲ. ಅಂಥವರು ಸ್ಪೈಡರ್ಕೋ ಕಂಪನಿಯ ಚಾಕು ನೋಡಬಹುದು. ಅಲಗಿನಲ್ಲಿ ದುಂಡು ತೂತು, ಹೆಬ್ಬೆರಳಿನಿಂದ ತಳ್ಳಿದರೆ ತೆರೆಯುತ್ತದೆ. ಈ ತೂತನ್ನೂ ಜೇಬಿಗೆ ಸಿಕ್ಕಿಸುವ ಕ್ಲಿಪ್ಪನ್ನೂ ಅವರು 1981ರಲ್ಲೇ ತಮ್ಮ ಮೊದಲ ಚಾಕುವಿನಲ್ಲಿ ತಂದರು. ಒಪಿನೆಲ್‌ಗೆ ಕ್ಲಿಪ್ಪೂ ಇಲ್ಲ. ಜೇಬಿನ ತಳದಲ್ಲಿ ಬೀಗದ ಕೈಗಳ ಜೊತೆ ಉರುಳಾಡುತ್ತದೆ, ಹಿಡಿಯ ಮೇಲೆಲ್ಲಾ ಗೀರು. ದುಂಡು ಹಿಡಿಯಾದ್ದರಿಂದ ಬಿಗಿ ಪ್ಯಾಂಟಿನಲ್ಲಿ ಉಬ್ಬಿ ಕಾಣುತ್ತದೆ. ಆದರೆ ಹತ್ತು ನಿಮಿಷ ಒಂದೇ ಸಮ ಕತ್ತರಿಸುವ ಕೆಲಸ ಬಂದರೆ ಅದೇ ದುಂಡು ಹಿಡಿ ಅಂಗೈಗೆ ಹಿತ. ಚಪ್ಪಟೆ ಲೋಹದ ಹಿಡಿಗಳ ಮೂಲೆ, ಕ್ಲಿಪ್ಪಿನ ತುದಿ ಕೈಗೆ ಒತ್ತುವ ಹಾಗೆ ಇದು ಒತ್ತುವುದಿಲ್ಲ.

ಸ್ವಿಸ್ ಚಾಕು ಯಾಕಲ್ಲ ಅಂತ ಕೇಳುವವರಿದ್ದಾರೆ. ಕಾರ್ಲ್ ಎಲ್ಸೆನರ್ 1897ರಲ್ಲಿ ಹಕ್ಕು ನೋಂದಾಯಿಸಿದ ಆ ವಿನ್ಯಾಸ ಇವತ್ತಿಗೂ ಮಾರಾಟವಾಗುತ್ತಿದೆ ಅಂದರೆ ಅದಕ್ಕೆ ಕಾರಣ ಇದೆ. ನಿಮಗೆ ಕತ್ತರಿ, ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಂಡಿ ಬೇಕಿದ್ದರೆ ಎಲ್ಸೆನರ್ ಕಂಪನಿಯಾದ ವಿಕ್ಟೊರಿನಾಕ್ಸ್‌ನದ್ದು ತಗೊಳ್ಳಿ, ಯೋಚನೆ ಬೇಡ. ಅದರ ಅಲಗೂ ತೆಳುವೇ, ಸಾಣೆಗೂ ಸುಲಭ. ಆದರೆ ಸಾಮಾನ್ಯ ಮಾದರಿಗಳ ಅಲಗಿಗೆ ಲಾಕ್ ಇರುವುದಿಲ್ಲ, ಸ್ಪ್ರಿಂಗ್ ಬಿಗಿ ಮಾತ್ರ. ತುದಿಯಿಂದ ಚುಚ್ಚುವ ಕೆಲಸದಲ್ಲಿ ಅದು ಬೆರಳ ಮೇಲೆ ಮಡಚಿಕೊಳ್ಳಬಹುದು.

ಲಾಕ್ ಇಲ್ಲದಿರುವುದೇ ಕೆಲವು ಕಡೆ ಅನುಕೂಲ. ಬ್ರಿಟನ್ನಿನಲ್ಲಿ ಕಾರಣ ಹೇಳದೆ ಜೊತೆಗಿಟ್ಟುಕೊಳ್ಳಬಹುದಾದದ್ದು ಲಾಕ್ ಇಲ್ಲದ, ಅಂಚು 3 ಇಂಚು ಮೀರದ ಮಡಚುವ ಚಾಕು. ಒಪಿನೆಲ್ ನಂ. 8 ಅಲ್ಲಿ ಎರಡು ಲೆಕ್ಕದಲ್ಲೂ ಆಚೆ. ಒಂದೊಂದು ದೇಶಕ್ಕೆ ಒಂದೊಂದು ನಿಯಮ ಇದೆ, ಕೊಳ್ಳುವ ಮುಂಚೆ ನಿಮ್ಮಲ್ಲಿನದನ್ನು ನೋಡಿಕೊಳ್ಳಿ. ವಿಮಾನ ಹತ್ತುವ ದಿನ ಜೇಬು, ಕೈಚೀಲ ಎರಡನ್ನೂ ಮನೆಯಲ್ಲೇ ತಡಕಿ ನೋಡಿ. ಚೆಕ್-ಇನ್ ಸಾಮಾನಿಗೆ ಹಾಕದಿದ್ದರೆ ಭದ್ರತಾ ತಪಾಸಣೆಯಲ್ಲಿ ಬಿಟ್ಟು ಹೋಗಬೇಕಾಗುತ್ತದೆ. ಹಗುರವಾದ ಚಾಕುವಿನ ಒಂದು ತೊಂದರೆ ಇದು, ಜೇಬಿನಲ್ಲಿ ಇದೆ ಅನ್ನುವುದೇ ನೆನಪಿರಲ್ಲ.

ಕೈ ಸಣ್ಣದಿದ್ದರೆ ನಂ. 7 ನೋಡಿ, ಅಲಗು ಅರ್ಧ ಸೆಂಟಿಮೀಟರಿನಷ್ಟು ಗಿಡ್ಡ, ಜೇಬಿಗೆ ಇನ್ನೂ ಹಗುರ. ನಂ. 9 ಬಳಸಿದವರು ಅದೇ ಸರಿ ಅನ್ನುತ್ತಾರೆ, ನನಗೆ ಅದು ಜೇಬಿಗಿಂತ ಚೀಲಕ್ಕೆ ಹೊಂದುವ ಅಳತೆ ಅನ್ನಿಸಿತು. ಮೀನು ಹಿಡಿಯುವವರು, ದೋಣಿಯಲ್ಲಿ ಇರುವವರು, ಕೈ ಸದಾ ಒದ್ದೆ ಇರುವ ಕೆಲಸದವರು ಮರದ ಹಿಡಿ ಬಿಟ್ಟು ಪ್ಲಾಸ್ಟಿಕ್ ಹಿಡಿಯದ್ದು ಹುಡುಕಿಕೊಳ್ಳಲಿ.