ಒಂದು ಬಿಸಿ ತಗಡು, ಮೂರು ಭಾಷೆ: ಕುಡಾ, ಸ್ಯಾಕ್, ಫುಥಾರ್ಕ್

ಲೆಕ್ಕ ಒಂದೇ. ಲೋಹದ ತಗಡಿನ ಒಂದು ಅಂಚಿಗೆ ಬಿಸಿ ಕೊಟ್ಟರೆ ಶಾಖ ಹೇಗೆ ಹರಡುತ್ತದೆ? ತಗಡನ್ನು 1000 ಸಾಲು, 1000 ಕಾಲಂಗಳ ಮನೆಗಳಾಗಿ ಭಾಗ ಮಾಡಿ, ಪ್ರತಿ ಹೆಜ್ಜೆಯಲ್ಲೂ ಪ್ರತಿ ಮನೆಗೆ ಅಕ್ಕಪಕ್ಕದ ನಾಲ್ಕು ಮನೆಗಳ ಸರಾಸರಿ ತುಂಬಬೇಕು. ಹತ್ತು ಲಕ್ಷ ಮನೆ, ಆ ಹೆಜ್ಜೆಯೊಳಗೆ ಯಾವುದೂ ಇನ್ನೊಂದಕ್ಕೆ ಕಾಯಬೇಕಿಲ್ಲ. ಸಾವಿರಾರು ಲೆಕ್ಕ ಒಟ್ಟಿಗೆ ಮಾಡುವ ಗ್ರಾಫಿಕ್ಸ್ ಚಿಪ್ಪಿಗೆ, ಅಂದರೆ ಜಿಪಿಯುಗೆ, ಹೇಳಿ ಮಾಡಿಸಿದ ಕೆಲಸ, ಅಲ್ವಾ?

ಮೊದಲು ಎನ್ವಿಡಿಯಾ ಜಿಪಿಯುಗಳಿಗೆ ಪ್ರೋಗ್ರಾಂ ಬರೆಯುವ ಕುಡಾದಲ್ಲಿ ಬರೆದೆ. ಸರಾಸರಿ ತೆಗೆಯುವುದು ಒಂದೇ ಸಾಲು. ಉಳಿದದ್ದೆಲ್ಲ ಮೆಮೊರಿ ಕೇಳುವುದು, ಡೇಟಾ ಕಾಪಿ ಮಾಡುವುದು, ಥ್ರೆಡ್‌ಗಳನ್ನು (ಒಟ್ಟಿಗೆ ಓಡುವ ಪುಟ್ಟ ಕೆಲಸಗಳನ್ನು) ಬ್ಲಾಕ್ ಎಂಬ ಗುಂಪುಗಳಿಗೆ ಹಂಚುವುದು. ಹಳೆ ಬೆಲೆಗೂ ಹೊಸ ಬೆಲೆಗೂ ಒಂದೇ ಅರೇ (ಸಂಖ್ಯೆಗಳ ಪಟ್ಟಿ) ಇಟ್ಟಿದ್ದೆ. ಒಂದು ಥ್ರೆಡ್ ಓದುವ ಮೊದಲೇ ಪಕ್ಕದ್ದು ಬರೆದುಬಿಡುತ್ತಿತ್ತು. ಓಡಿಸಿದಾಗಲೆಲ್ಲ ಬೇರೆ ಉತ್ತರ. ಇದನ್ನು ಹಿಡಿಯಲು ಒಂದು ಇಡೀ ಸಂಜೆ ಹೋಯಿತು.

ಸ್ಯಾಕ್, ಫುಥಾರ್ಕ್ ಎರಡೂ ಫಂಕ್ಷನಲ್ ಭಾಷೆಗಳು, ಅಂದರೆ ಒಮ್ಮೆ ಕೊಟ್ಟ ಬೆಲೆ ಅಲ್ಲಿ ಬದಲಾಗುವುದಿಲ್ಲ. ಅಲ್ಲಿ ಈ ತಪ್ಪಿಗೆ ಜಾಗವೇ ಇಲ್ಲ. ಹಳೆ ಅರೇ ಹಾಗೇ ಉಳಿಯುತ್ತದೆ, ಹೆಜ್ಜೆಗೊಂದು ಹೊಸದು ಹುಟ್ಟುತ್ತದೆ. ಮೆಮೊರಿ ಎಲ್ಲಿ ಮತ್ತೆ ಬಳಸಬಹುದು ಅನ್ನೋದು ಕಂಪೈಲರ್‌ನ (ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂನ) ತಲೆನೋವು. 1980ರ ದಶಕದ ಸಿಸಲ್ ಭಾಷೆ ಇದೇ ನಂಬಿಕೆಯ ಮೇಲೆ ನಿಂತು ಕ್ರೇ ಸೂಪರ್‌ಕಂಪ್ಯೂಟರ್‌ಗಳಲ್ಲಿ ವೈಜ್ಞಾನಿಕ ಲೆಕ್ಕದ ಹಳೆಯ ಭಾಷೆ ಫೋರ್ಟ್ರಾನ್‌ಗೆ ಸರಿಸಾಟಿಯಾಗಿ ಓಡಿತ್ತು.

ಸ್ಯಾಕ್ ಅಂದರೆ ಸಿಂಗಲ್ ಅಸೈನ್‌ಮೆಂಟ್ ಸಿ. ನೋಡಲು ಸಿ ಥರಾನೇ ಇರುವುದರಿಂದ ಕೈ ಬೇಗ ಕೂರುತ್ತದೆ. ಸಿಕ್ಕಿಹಾಕಿಕೊಂಡಾಗ ನೋಡಲು ಉದಾಹರಣೆಗಳು ಮಾತ್ರ ಕಡಿಮೆ.

ಫುಥಾರ್ಕ್ ಕೋಪನ್‌ಹೇಗನ್ ವಿಶ್ವವಿದ್ಯಾಲಯದ್ದು. ಅರೇ ಉದ್ದ ಟೈಪಿನಲ್ಲೇ ಇರುತ್ತದೆ, ಹಾಗಾಗಿ ಅಳತೆ ಹೊಂದದಿದ್ದರೆ ಕಂಪೈಲ್ ಹಂತದಲ್ಲೇ ಗೊತ್ತಾಗುತ್ತದೆ. ಕಮಾಂಡಿನಲ್ಲಿ ಒಂದು ಪದ ಬದಲಿಸಿದರೆ ಅದೇ ಪ್ರೋಗ್ರಾಂ ಸಾದಾ ಸಿ, ಮಲ್ಟಿಕೋರ್ (ಸಿಪಿಯುನ ಹಲವು ಕೋರ್‌ಗಳು), ಓಪನ್‌ಸಿಎಲ್ (ಬೇರೆ ಕಂಪನಿಗಳ ಜಿಪಿಯುಗೂ ನಡೆಯುವಂಥದ್ದು), ಕುಡಾ ಯಾವುದಕ್ಕೆ ಬೇಕಾದರೂ ತಯಾರು.

ಇಲ್ಲೂ ಎಡವಿದೆ. ಹಲವು ತಗಡುಗಳ ಶಾಖವನ್ನು ರೆಡ್ಯೂಸ್‌ನಿಂದ (ಇಡೀ ಅರೇಯನ್ನು ಒಂದೇ ಬೆಲೆಗೆ ಇಳಿಸುವ ಫಂಕ್ಷನ್‌ನಿಂದ) ಕೂಡುತ್ತಿದ್ದೆ. ಆರಂಭದ ಬೆಲೆಯಾಗಿ 0 ಬದಲು ಹಿಂದಿನ ತಗಡಿನ ಮೊತ್ತ ಕೊಟ್ಟೆ, ಅದರ ಮೇಲೇ ಕೂಡಿಕೊಂಡು ಹೋಗಲಿ ಅಂತ. ಸಾದಾ ಸಿ ಕಂಪೈಲ್‌ನಲ್ಲಿ ಉತ್ತರ ಸರಿ ಬಂತು. ಜಿಪಿಯುನಲ್ಲಿ ಮೊತ್ತ ಸಿಕ್ಕಾಪಟ್ಟೆ ಜಾಸ್ತಿ! ಜಿಪಿಯು ಅರೇಯನ್ನು ತುಂಡು ತುಂಡು ಮಾಡಿ ಕೂಡುತ್ತದೆ. ಪ್ರತಿ ತುಂಡೂ ಆ ಬೆಲೆಯಿಂದಲೇ ಶುರುವಾಗಿ, ಹಿಂದಿನ ಮೊತ್ತ ಎಷ್ಟೋ ಸಲ ಸೇರಿಕೊಂಡಿತ್ತು. ಅಲ್ಲಿ ಕೂಡಿದರೂ ಏನೂ ಬದಲಾಗದ ಬೆಲೆಯೇ ಇರಬೇಕು, ಅಂದರೆ 0. ಇದನ್ನು ಕಂಪೈಲರ್ ಪರೀಕ್ಷಿಸುವುದಿಲ್ಲ, ನಾವೇ ನೋಡಿಕೊಳ್ಳಬೇಕು. ಹಾಗಾಗಿ ಈಗ ಪ್ರತಿ ಸಲವೂ ಎರಡೂ ಕಡೆ ಓಡಿಸಿ ಉತ್ತರ ತಾಳೆ ನೋಡುತ್ತೇನೆ.

ತಗಡು ಬಿಟ್ಟು ದಪ್ಪ ಗಟ್ಟಿಗೆ ಹೋದಾಗ ಸ್ಯಾಕ್ ಮನಸ್ಸು ಗೆದ್ದಿತು. ಅದರಲ್ಲಿ ಐ, ಜೆ ಅಂತ ಬೇರೆ ಬೇರೆ ಇಂಡೆಕ್ಸ್ ಬೇಕಿಲ್ಲ, ಎಲ್ಲಾ ಸೇರಿ ಒಂದೇ ವೆಕ್ಟರ್. ಆಯಾಮ ಎಷ್ಟು ಅಂತ ಹೇಳದೆ ಬರೆದ ಫಂಕ್ಷನ್ ಮೂರು ಆಯಾಮಕ್ಕೂ ನಡೆಯಿತು. ಫುಥಾರ್ಕ್‌ನಲ್ಲಿ ಅದನ್ನೇ ಇನ್ನೊಮ್ಮೆ ಬರೆಯಬೇಕಾಯಿತು.

ಆದರೂ ದಿನದ ಕೆಲಸಕ್ಕೆ ಫುಥಾರ್ಕ್‌ನ್ನೇ ಇಟ್ಟುಕೊಂಡಿದ್ದೇನೆ. ಅದು ಕೊಡುವ ಪೈಥಾನ್ ಕ್ಲಾಸಿಗೆ ನಂಪೈ (ಪೈಥಾನ್‌ನ ಸಂಖ್ಯಾ ಲೈಬ್ರರಿ) ಅರೇ ಕೊಟ್ಟರೆ ಸಾಕು, ಲೆಕ್ಕ ಜಿಪಿಯುನಲ್ಲಿ ನಡೆಯುತ್ತದೆ. ಚಿತ್ರ ಬಿಡಿಸೋದನ್ನು ಪೈಥಾನ್‌ನ ಇನ್ನೊಂದು ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ನೋಡಿಕೊಳ್ಳುತ್ತದೆ.